ಅಣ್ಣನ ಸಂಬಳವೋ, ಅಣ್ಣಂದಿರ ಸಂಬಳವೋ?



ಕಳೆದ ವರ್ಷ ಶುಲ್ಕ ರಿಯಾಯಿತಿಗಾಗಿ ಇಂಗ್ಲಿಷಿನಲ್ಲಿ ಒಂದು ಅರ್ಜಿ ಬರೆದೆ. ಮಂಡೆಕೋಲಿನ ನಮ್ಮ ಮನೆ ನಡೆಯುವುದು ಅಣ್ಣನ ಸಂಬಳದಲ್ಲಿ. ನಾನು ಬರೆದದ್ದು “ಮೈ ಬ್ರದರ್ಸ್’ ಸ್ಯಾಲರಿ” ಎಂದು. ಕೊಡುವ ಮೊದಲು ಇಂಗ್ಲಿಷ್ ಸರ್‌ಗೆ ತೋರಿಸಿದೆ.

“ದುಡಿಯುವ ಅಣ್ಣಂದಿರು ಎಷ್ಟು ಜನ?” ಎಂದು ಕೇಳಿದರು.

“ಒಬ್ಬನೇ ಸರ್.”

“ಅರ್ಜಿ ಹಾಗೆ ಹೇಳುವುದಿಲ್ಲವಲ್ಲ!”

ಅಪಾಸ್ಟ್ರಫಿ ಎಂಬ ಸಣ್ಣ ಗುರುತು ಒಂದಕ್ಷರ ಆಚೆ ಹೋಗಿತ್ತು, ಅಷ್ಟೇ. ಆದರೆ ಅರ್ಜಿ ಓದುವವರಿಗೆ ನಮ್ಮ ಮನೆಯಲ್ಲಿ ಇಬ್ಬರು ಮೂವರು ದುಡಿಯುವವರಿದ್ದಾರೆ ಎಂದಾಗುತ್ತಿತ್ತು.

ಕನ್ನಡದಲ್ಲಿ ಈ ತೊಂದರೆ ಇಲ್ಲ. ಷಷ್ಠೀ ವಿಭಕ್ತಿಯಲ್ಲಿ ‘ಅಣ್ಣನ’, ‘ಅಣ್ಣಂದಿರ’ ಎಂದಾಗ ಕಿವಿಗೇ ವ್ಯತ್ಯಾಸ ತಿಳಿಯುತ್ತದೆ. ಇಂಗ್ಲಿಷಿನಲ್ಲಿ ಎರಡರ ಉಚ್ಚಾರವೂ ಒಂದೇ. ಬರೆದಾಗ ಗುರುತು ಮಾತ್ರ ಅರ್ಥ ಹೇಳುತ್ತದೆ.

ಸರ್ ಹೇಳಿಕೊಟ್ಟ ಉಪಾಯ ಇದು: ಮೊದಲು ಒಡೆಯ ಯಾರೆಂದು ಪೂರ್ತಿ ಬರೆಯಿರಿ. ಆ ಪದ ಮುಗಿದಲ್ಲಿ ಗುರುತು ಹಾಕಿ. ಆಮೇಲೆ ಹೀಗೆ ನೋಡಿ:

1. ಏಕವಚನವಾದರೆ ಗುರುತು ಹಾಕಿ ‘ಎಸ್’ ಸೇರಿಸಿ: “ಬ್ರದರ್’ಸ್ ಸ್ಯಾಲರಿ”. ಅನಸ್, ಇದ್ರೀಸ್‌ನಂತೆ ‘ಎಸ್’ನಿಂದ ಮುಗಿಯುವ ಹೆಸರಿಗೂ ಹೀಗೆಯೇ: “ಅನಸ್’ಸ್ ಬ್ಯಾಗ್”. ಕೆಲವರು ಇಲ್ಲಿ ಗುರುತು ಮಾತ್ರ ಹಾಕುತ್ತಾರೆ, ಅದೂ ತಪ್ಪಲ್ಲ.

2. ‘ಎಸ್’ನಿಂದ ಮುಗಿಯುವ ಬಹುವಚನವಾದರೆ ಗುರುತು ಮಾತ್ರ ಸಾಕು. ಸೆಪ್ಟೆಂಬರ್ 5 “ಟೀಚರ್ಸ್’ ಡೇ”, ಏಕೆಂದರೆ ಅದು ಎಲ್ಲ ಶಿಕ್ಷಕರ ದಿನ.

3. ‘ಎಸ್’ ಇಲ್ಲದ ಬಹುವಚನಕ್ಕೆ ಗುರುತೂ ಬೇಕು, ‘ಎಸ್’ ಕೂಡ ಬೇಕು. ನವೆಂಬರ್ 14 “ಚಿಲ್ಡ್ರನ್’ಸ್ ಡೇ”.

ಎರಡು ಎಚ್ಚರಿಕೆಗಳು. ‘ಅದರ’ ಎನ್ನುವ “ಇಟ್ಸ್” ಪದಕ್ಕೆ ಗುರುತು ಬೇಡ. ಗುರುತು ಹಾಕಿದರೆ ಅದು “ಇಟ್ ಈಸ್” ಅಥವಾ “ಇಟ್ ಹ್ಯಾಸ್” ಎಂಬುದರ ಸಂಕ್ಷೇಪ. ಬರೀ ಬಹುವಚನಕ್ಕೂ ಗುರುತು ಬೇಡ. ಬಸ್ಸಿನಲ್ಲಿ ಬರುವಾಗ ಅಂಗಡಿಗಳ ಬೋರ್ಡು ಓದಿ ನೋಡಿ, ಎಲ್ಲಾದರೂ “ಮೊಬೈಲ್’ಸ್” ಎಂದು ಬರೆದಿದ್ದರೆ ತಪ್ಪು ನಿಮಗೇ ಕಾಣುತ್ತದೆ.

ಈಗ ನೀವೇ ಬರೆಯಿರಿ: ಅಕ್ಕಂದಿರ ಕೋಣೆ, ಮಹಿಳೆಯರ ಹಾಸ್ಟೆಲ್, ಎರಡು ದಿನಗಳ ರಜೆ.

ಉತ್ತರ: “ಸಿಸ್ಟರ್ಸ್’ ರೂಮ್”, “ವಿಮೆನ್’ಸ್ ಹಾಸ್ಟೆಲ್”, “ಟೂ ಡೇಸ್’ ಲೀವ್”.

ನನ್ನ ಅರ್ಜಿಯನ್ನು ತಿದ್ದಿ ಬರೆದು ಕೊಟ್ಟೆ. ಈಗ ರಜಾ ಅರ್ಜಿ ಬರೆಯುವಾಗಲೂ ಪೆನ್ನು ಒಂದು ಕ್ಷಣ ನಿಲ್ಲುತ್ತದೆ: ಒಡೆಯ ಒಬ್ಬನೋ, ಹಲವರೋ?

– ದ್ವಿತೀಯ ಪಿಯುಸಿ ವಿದ್ಯಾರ್ಥಿನಿ, ಮಂಡೆಕೋಲು