ಕಣ್ಣಂದಾಜು ಸಾಲದು

ಆರೋಗ್ಯ ಮತ್ತು ಆರೈಕೆಯ ಕೆಲಸ ಕಲಿಯಬೇಕೆಂದು ನೀವು ಮನಸ್ಸು ಮಾಡಿದ್ದೀರಿ. ನಿಮ್ಮ ಪಿಯುಸಿ ಮುಗಿದಿರಬಹುದು, ಹತ್ತನೆಯ ತರಗತಿಗೇ ಓದು ನಿಂತಿರಬಹುದು. ಮದುವೆಯಾಗಿ ಬೆಳಗಾವಿ ಜಿಲ್ಲೆಯ ಖಾನಾಪುರ ತಾಲ್ಲೂಕಿನ ಹಳ್ಳಿಯೊಂದಕ್ಕೆ ಬಂದ ಮೇಲೆ, ಅಲ್ಲಿ ಆಶಾ ಕಾರ್ಯಕರ್ತೆಯ ಜಾಗ ಖಾಲಿ ಇದೆ ಎಂಬ ಸುದ್ದಿ ಕಿವಿಗೆ ಬಿದ್ದಿರಬಹುದು. ಹೇಗೆ ಬಂದಿದ್ದರೂ ಸರಿ, ನಿಮಗೆ ಏನೂ ಗೊತ್ತಿಲ್ಲ ಎಂದುಕೊಂಡೇ ಆರಂಭಿಸೋಣ. "ಸೇವೆ ಮಾಡುವ ಮನಸ್ಸಿದೆ, ಅಷ್ಟು ಸಾಕಲ್ಲವೇ?" ಎಂದು ಹೊಸಬರು ಕೇಳುವುದುಂಟು. ಮನಸ್ಸು ಬೇಕೇ ಬೇಕು. ಆದರೆ ಮೊದಲ ದಿನ ನಾನು ಕಲಿಯುವವರ ಕೈಗೆ ಕೊಡುವುದು ಸೆಕೆಂಡ್ ಮುಳ್ಳಿರುವ ಒಂದು ಗಡಿಯಾರವನ್ನು. ಅದು ಏಕೆಂದು ತಿಳಿಯಲು, ಈ ಕೆಲಸದಲ್ಲಿ ಯಾರು ಯಾರಿದ್ದಾರೆ ಎಂಬುದನ್ನು ಮೊದಲು ನೋಡಿಕೊಳ್ಳಬೇಕು.

ಹಳ್ಳಿಯಿಂದ ಹೊರಡೋಣ. ಸುಮಾರು 1000 ಜನಸಂಖ್ಯೆಗೆ ಒಬ್ಬ ಆಶಾ ಕಾರ್ಯಕರ್ತೆ ಇರುತ್ತಾರೆ. 2005ರ ಏಪ್ರಿಲ್‌ನಲ್ಲಿ ಆರಂಭವಾದ ರಾಷ್ಟ್ರೀಯ ಗ್ರಾಮೀಣ ಆರೋಗ್ಯ ಅಭಿಯಾನದಲ್ಲಿ ಹುಟ್ಟಿದ ವ್ಯವಸ್ಥೆ ಇದು. ಆಶಾ ಅದೇ ಊರಿನಲ್ಲಿ ವಾಸಿಸುವ ಹೆಣ್ಣುಮಗಳಾಗಿರಬೇಕು. ಅವರ ಮೇಲಿನದು ಉಪಕೇಂದ್ರ. ಬಯಲು ಪ್ರದೇಶದಲ್ಲಿ 5000 ಜನರಿಗೆ ಒಂದು, ಖಾನಾಪುರದ ಪಶ್ಚಿಮ ಭಾಗದಂಥ ಗುಡ್ಡಗಾಡಿನಲ್ಲಿ 3000 ಜನರಿಗೆ ಒಂದು ಉಪಕೇಂದ್ರ ಇರಬೇಕೆಂಬುದು ನಿಯಮ. ಅಲ್ಲಿ ಕೆಲಸ ಮಾಡುವವರು ಎಎನ್‌ಎಂ, ಅಂದರೆ ಗರ್ಭಿಣಿಯರ ತಪಾಸಣೆ, ಹೆರಿಗೆ ಮತ್ತು ಲಸಿಕೆಯ ತರಬೇತಿ ಪಡೆದ ಸಹಾಯಕ ದಾದಿ. ಸರ್ಕಾರದ ಕಾಗದದಲ್ಲಿ ಅವರ ಹುದ್ದೆ ಈಗ ಪ್ರಾಥಮಿಕ ಆರೋಗ್ಯ ಸುರಕ್ಷಾಧಿಕಾರಿ. ಊರಿನವರ ಬಾಯಲ್ಲಿ ಮಾತ್ರ ಇಂದಿಗೂ ನರ್ಸಬಾಯಿ. ಉಪಕೇಂದ್ರದ ಮೇಲೆ ವೈದ್ಯರಿರುವ ಪ್ರಾಥಮಿಕ ಆರೋಗ್ಯ ಕೇಂದ್ರ, ಅದರ ಮೇಲೆ ಖಾನಾಪುರದ ತಾಲ್ಲೂಕು ಆಸ್ಪತ್ರೆ. ಅಲ್ಲಿಯೂ ಆಗದಿದ್ದರೆ ಬೆಳಗಾವಿಗೆ, ಬಿಮ್ಸ್ ವೈದ್ಯಕೀಯ ಕಾಲೇಜಿಗೆ ಸೇರಿದ ಜಿಲ್ಲಾ ಆಸ್ಪತ್ರೆಗೋ ಕೆಎಲ್‌ಇ ಸಂಸ್ಥೆಯ ಪ್ರಭಾಕರ ಕೋರೆ ಆಸ್ಪತ್ರೆಗೋ ಹೋಗಬೇಕು.

ಈ ಪ್ರತಿಯೊಂದು ಮೆಟ್ಟಿಲಿಗೂ ಬೇರೆ ಬೇರೆ ಕಲಿಕೆಯಿದೆ. ಪಿಯುಸಿಯ ನಂತರ ಎಎನ್‌ಎಂ ಎರಡು ವರ್ಷ, ಜಿಎನ್‌ಎಂ ಎಂಬ ನರ್ಸಿಂಗ್ ಡಿಪ್ಲೊಮಾ ಮೂರು ವರ್ಷ, ಬಿಎಸ್‌ಸಿ ನರ್ಸಿಂಗ್ ನಾಲ್ಕು ವರ್ಷ. ಇಷ್ಟು ಓದಲು ಆಗದವರು ಆಸ್ಪತ್ರೆಯಲ್ಲಿ ರೋಗಿಗಳ ಸಹಾಯಕರಾಗಿ ಕೆಲಸ ಕಲಿಯಬಹುದು. 1961ರ ಅಪ್ರೆಂಟಿಸ್ ಕಾಯ್ದೆಯ ಪ್ರಕಾರ ಅಪ್ರೆಂಟಿಸ್ ಆಗಿ ಸೇರಿದವರಿಗೆ ಲಿಖಿತ ಒಪ್ಪಂದವಿರುತ್ತದೆ, ಕಲಿಯುವ ಅವಧಿಗೆ ಸ್ಟೈಪೆಂಡ್, ಅಂದರೆ ತಿಂಗಳ ಭತ್ಯೆ, ಸಿಗುತ್ತದೆ. ಒಂದು ಎಚ್ಚರಿಕೆ ಇಲ್ಲಿಯೇ ಹೇಳಿಬಿಡುತ್ತೇನೆ. ನರ್ಸಿಂಗ್ ಶಾಲೆಗೆ ಹಣ ಕಟ್ಟುವ ಮೊದಲು ಅದಕ್ಕೆ ನರ್ಸಿಂಗ್ ಪರಿಷತ್ತಿನ ಮಾನ್ಯತೆ ಇದೆಯೇ ಎಂದು ಕೇಳಿ, ಪತ್ರವನ್ನು ಕಣ್ಣಾರೆ ನೋಡಿ. ಮಾನ್ಯತೆಯಿಲ್ಲದ ಪ್ರಮಾಣಪತ್ರದಿಂದ ನೋಂದಣಿ ಆಗುವುದಿಲ್ಲ, ನೋಂದಣಿಯಿಲ್ಲದೆ ನರ್ಸ್ ಆಗಿ ಕೆಲಸ ಮಾಡುವಂತಿಲ್ಲ.

ಆಶಾ ತರಬೇತಿಯ ಕ್ರಮ ನನಗೆ ತುಂಬ ಮೆಚ್ಚುಗೆ. ಅದನ್ನು ಒಂದೇ ಪಟ್ಟಿಗೆ ಮುಗಿಸುವುದಿಲ್ಲ. ಕೆಲವು ದಿನ ತರಗತಿ, ಆಮೇಲೆ ಊರಿಗೆ ಹೋಗಿ ಕೆಲಸ, ಮತ್ತೆ ತರಗತಿ. ಊರಿನಲ್ಲಿ ಎಡವಿದ್ದನ್ನು ಮುಂದಿನ ಸುತ್ತಿನಲ್ಲಿ ಕೇಳಿ ಸರಿಪಡಿಸಿಕೊಳ್ಳಬಹುದು. ಆನಂತರದ ಸುತ್ತುಗಳಲ್ಲಿ ನವಜಾತ ಶಿಶುವಿನ ಮನೆ ಭೇಟಿಯನ್ನು ಕಲಿಸುತ್ತಾರೆ. ಆಸ್ಪತ್ರೆಯಲ್ಲಿ ಹೆರಿಗೆಯಾಗಿದ್ದರೆ 3, 7, 14, 21, 28 ಮತ್ತು 42ನೆಯ ದಿನ ಬಾಣಂತಿಯ ಮನೆಗೆ ಹೋಗಬೇಕು. ಮನೆಯಲ್ಲೇ ಹೆರಿಗೆಯಾಗಿದ್ದರೆ ಮೊದಲ ದಿನವೂ ಸೇರಿ ಏಳು ಭೇಟಿ. ಈ ಪದ್ಧತಿಗೆ ದಾರಿ ತೋರಿಸಿದವರು ಮಹಾರಾಷ್ಟ್ರದ ಗಡ್ಚಿರೋಲಿಯ ವೈದ್ಯ ದಂಪತಿ ಅಭಯ ಬಂಗ್ ಮತ್ತು ರಾಣಿ ಬಂಗ್. ಹಳ್ಳಿಯ ಹೆಣ್ಣುಮಕ್ಕಳಿಗೆ ಸರಿಯಾಗಿ ಕಲಿಸಿದರೆ ಶಿಶು ಮರಣ ಬಹಳಷ್ಟು ಇಳಿಯುತ್ತದೆ ಎಂದು ಅವರು 1999ರಲ್ಲೇ ತೋರಿಸಿಕೊಟ್ಟರು.

ಈಗ ಗಡಿಯಾರಕ್ಕೆ ಬರೋಣ. ನೀವು ಬಾಣಂತಿಯ ಕೋಣೆಗೆ ಹೋಗಿದ್ದೀರಿ. ಹೊರಗೆ ಮಳೆ, ಒಳಗೆ ಅಗ್ಗಿಷ್ಟಿಗೆಯ ಹೊಗೆ. ಕೂಸು ಕುಂಚಿಗೆ ಹಾಕಿಕೊಂಡು, ಎರಡು ಪದರ ಬಟ್ಟೆಯೊಳಗೆ ಬೆಚ್ಚಗೆ ಮಲಗಿದೆ. ಮೊದಲು ಸೋಪು ಹಚ್ಚಿ ಕೈ ತೊಳೆಯಿರಿ; ಬೆರಳ ಸಂದು, ಹೆಬ್ಬೆರಳು, ಉಗುರಿನ ತುದಿ ಎಲ್ಲವನ್ನೂ ತೊಳೆಯಲು 40ರಿಂದ 60 ಸೆಕೆಂಡು ಹಿಡಿಯುತ್ತದೆ. ಕೈ ಒರೆಸಿಕೊಂಡು, ಬೆಚ್ಚಗಾದ ಮೇಲೆ ಕೂಸಿನ ಅಂಗಿಯನ್ನು ಎದೆಯವರೆಗೆ ಮೆಲ್ಲಗೆ ಸರಿಸಿ. ಅಜ್ಜಿ ಸುಮ್ಮನಿರುವುದಿಲ್ಲ. "ಯಾಕ ಬಿಚ್ಚತೀಯವಾ, ಕೂಸಿಗೆ ಥಂಡಿ ಹತ್ತತೈತಿ" ಎನ್ನುತ್ತಾರೆ. ಅವರು ಹೇಳುವುದು ಸರಿಯೇ, ನವಜಾತ ಶಿಶುವಿಗೆ ಶೀತ ಅಪಾಯಕಾರಿ. "ಒಂದ ನಿಮಿಷ ಆಯಿ, ಉಸಿರು ಎಣಿಸಿ ಮುಚ್ಚಿಬಿಡ್ತೀನ್ರಿ" ಎಂದು ಹೇಳಿ. ಸಾಧ್ಯವಾದರೆ ಅಜ್ಜಿಯನ್ನೂ ಪಕ್ಕದಲ್ಲಿ ಕೂರಿಸಿಕೊಳ್ಳಿ.

ಹೊಟ್ಟೆ ಒಂದು ಸಲ ಮೇಲೆದ್ದು ಇಳಿದರೆ ಒಂದು ಉಸಿರು. ಕೂಸು ಅಳುವಾಗ, ಹಾಲು ಕುಡಿಯುವಾಗ ಎಣಿಸಬಾರದು. ಹದಿನೈದು ಸೆಕೆಂಡು ಎಣಿಸಿ ನಾಲ್ಕರಿಂದ ಗುಣಿಸುವ ಜಾಣತನ ಇಲ್ಲಿ ನಡೆಯುವುದಿಲ್ಲ. ಏಕೆಂದರೆ ಎಳೆಯ ಕೂಸು ಒಂದೇ ಲಯದಲ್ಲಿ ಉಸಿರಾಡುವುದಿಲ್ಲ; ನಾಲ್ಕಾರು ಉಸಿರು ಬಿರುಸಾಗಿ ಎಳೆದು, ಸ್ವಲ್ಪ ನಿಲ್ಲಿಸಿ, ಮತ್ತೆ ಆರಂಭಿಸುತ್ತದೆ. ಆದ್ದರಿಂದ ಪೂರ್ತಿ ಒಂದು ನಿಮಿಷ ಎಣಿಸಬೇಕು. ಎರಡು ತಿಂಗಳೊಳಗಿನ ಕೂಸಿಗೆ ನಿಮಿಷಕ್ಕೆ 60 ಅಥವಾ ಅದಕ್ಕಿಂತ ಹೆಚ್ಚು ಬಂದರೆ ಇನ್ನೊಮ್ಮೆ ಎಣಿಸಿ. ಎರಡನೆಯ ಸಲವೂ ಹಾಗೆಯೇ ಬಂದರೆ ತಡಮಾಡದೆ ಆಸ್ಪತ್ರೆಗೆ ಕಳಿಸಬೇಕು. ಕಂಕುಳಲ್ಲಿಟ್ಟ ಥರ್ಮಾಮೀಟರ್ 36.5ರಿಂದ 37.5 ಡಿಗ್ರಿ ಸೆಲ್ಸಿಯಸ್ ತೋರಿಸಿದರೆ ನೆಮ್ಮದಿ. ಹುಟ್ಟಿದಾಗ 2500 ಗ್ರಾಮಿಗಿಂತ ಕಡಿಮೆ ತೂಗಿದ ಕೂಸಿನ ಮೇಲೆ ಹೆಚ್ಚಿನ ಕಣ್ಣಿಡಬೇಕು. ನೋಡಿ, "ಕೂಸು ಯಾಕೋ ಮಂಕಾಗೈತಿ" ಎಂದರೆ ಮನೆಯವರು ನಾಳೆ ನೋಡೋಣ ಎನ್ನಬಹುದು. "ಎರಡು ಸಲ ಎಣಿಸಿದೆ, 68 ಬಂತು" ಎಂದರೆ ವೈದ್ಯರು ಆ ಕ್ಷಣವೇ ಸಿದ್ಧರಾಗುತ್ತಾರೆ.

ಇದು ಸಣ್ಣ ಊರಿನ ಸಣ್ಣ ಮಾತು ಎಂದುಕೊಳ್ಳಬೇಡಿ. ಎಣಿಸುವುದು, ಅಳೆಯುವುದು ಏನು ಮಾಡಬಲ್ಲದು ಎಂಬುದಕ್ಕೆ ಜಗತ್ತೇ ಗಮನಿಸಿದ ಉದಾಹರಣೆಯೊಂದು ನಮ್ಮ ಬೆಳಗಾವಿ ಜಿಲ್ಲೆಯಲ್ಲೇ ಇದೆ. ಹೆರಿಗೆಯ ನಂತರ ತಾಯಿಗೆ 500 ಮಿಲಿಲೀಟರ್ ಅಥವಾ ಅದಕ್ಕಿಂತ ಹೆಚ್ಚು ರಕ್ತ ಹೋದರೆ ಅದನ್ನು ಪ್ರಸವೋತ್ತರ ರಕ್ತಸ್ರಾವ ಎನ್ನುತ್ತಾರೆ. ತಾಯಂದಿರ ಸಾವಿನ ಮುಖ್ಯ ಕಾರಣಗಳಲ್ಲಿ ಇದೂ ಒಂದು. ಇದನ್ನು ತಡೆಯಲು ಬಳಸುವ ಆಕ್ಸಿಟೋಸಿನ್ ಚುಚ್ಚುಮದ್ದನ್ನು ತಂಪಿನಲ್ಲಿ ಇಡಬೇಕು, ಚುಚ್ಚಲು ಬಲ್ಲವರೂ ಬೇಕು. ಮಿಸೊಪ್ರೊಸ್ಟಾಲ್ ಎಂಬ ಮಾತ್ರೆಗೆ ಫ್ರಿಜ್ಜೂ ಬೇಡ, ಸೂಜಿಯೂ ಬೇಡ. ಅದು ಹಳ್ಳಿಯಲ್ಲಿ ಕೆಲಸ ಮಾಡೀತೇ? ಬೆಳಗಾವಿಯ ಜವಾಹರಲಾಲ್ ನೆಹರೂ ವೈದ್ಯಕೀಯ ಕಾಲೇಜಿನ ವೈದ್ಯರು ಅಮೆರಿಕದ ಸಂಶೋಧಕರ ಜೊತೆ ಸೇರಿ 2002ರಿಂದ 2005ರವರೆಗೆ ಇದನ್ನು ಪರೀಕ್ಷಿಸಿದರು. 1620 ತಾಯಂದಿರು ಪಾಲ್ಗೊಂಡರು. ಅರ್ಧದಷ್ಟು ಜನರಿಗೆ ಮಾತ್ರೆ, ಉಳಿದವರಿಗೆ ನೋಡಲು ಹಾಗೆಯೇ ಇರುವ, ಔಷಧವಿಲ್ಲದ ಗುಳಿಗೆ. ಯಾರಿಗೆ ಯಾವುದು ಸಿಕ್ಕಿತೆಂದು ಕೊಡುವವರಿಗೂ ತಿಳಿದಿರಲಿಲ್ಲ.

ಹೆರಿಗೆ ಮಾಡಿಸಿ, ಮಾತ್ರೆ ಕೊಟ್ಟು, ರಕ್ತ ಅಳೆದವರು ಯಾರು ಗೊತ್ತೇ? 25 ಮಂದಿ ಎಎನ್‌ಎಂಗಳು. ನೀವು ನಾಳೆ ಕಲಿಯಹೊರಟಿರುವ ಕೆಲಸದವರೇ. ಅವರಿಗೆ ಕೊಟ್ಟಿದ್ದ ಸಾಧನ ಒಂದು ಪ್ಲಾಸ್ಟಿಕ್ ಹಾಳೆ. ಅದರ ತುದಿ ಕೊಳವೆಯಂತೆ ಕಿರಿದಾಗಿ ಚೀಲವಾಗುತ್ತದೆ, ಚೀಲದ ಮೇಲೆ ಮಿಲಿಲೀಟರ್ ಗೆರೆಗಳಿರುತ್ತವೆ. ಕೂಸು ಹುಟ್ಟಿದೊಡನೆ ಅದನ್ನು ತಾಯಿಯ ಕೆಳಗೆ ಹಾಸಿದರೆ ರಕ್ತ ಚೀಲಕ್ಕಿಳಿಯುತ್ತದೆ. ಗೆರೆ ನೋಡಿ ಬರೆದುಕೊಂಡರಾಯಿತು. ಅದೇ ತಂಡದ ಇನ್ನೊಂದು ಅಧ್ಯಯನದಲ್ಲಿ, ಕಣ್ಣಂದಾಜಿನಿಂದ ಹೇಳಿದ ರಕ್ತದ ಪ್ರಮಾಣ ಈ ಹಾಳೆ ತೋರಿಸಿದ್ದಕ್ಕಿಂತ ಶೇಕಡಾ 33ರಷ್ಟು ಕಡಿಮೆ ಇತ್ತು. ಪಳಗಿದವರ ಕಣ್ಣೂ ಹೀಗೆ ಮೋಸ ಹೋಗುತ್ತದೆ. ಮಾತ್ರೆಯ ಫಲಿತಾಂಶ 2006ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಪ್ರಕಟವಾಯಿತು: ರಕ್ತಸ್ರಾವ ಶೇಕಡಾ 12ರಿಂದ 6.4ಕ್ಕೆ ಇಳಿದಿತ್ತು. 2011ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಈ ಬಳಕೆಗೆಂದು ಆ ಮಾತ್ರೆಯನ್ನು ತನ್ನ ಅಗತ್ಯ ಔಷಧಿಗಳ ಪಟ್ಟಿಗೆ ಸೇರಿಸಿತು. ಇನ್ನು ಗೆರೆಯಿರುವ ಹಾಳೆಯ ಮಾತು. 2023ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ಆಫ್ರಿಕಾದ ನಾಲ್ಕು ದೇಶಗಳ ಆಸ್ಪತ್ರೆಗಳಲ್ಲಿ ಇಂಥ ಹಾಳೆಯಿಂದ ರಕ್ತ ಅಳೆದು ತಕ್ಷಣ ಚಿಕಿತ್ಸೆ ಕೊಟ್ಟಾಗ ತೀವ್ರ ರಕ್ತಸ್ರಾವದ ಪ್ರಕರಣಗಳು ಅರ್ಧಕ್ಕಿಂತ ಕೆಳಗಿಳಿದವು.

ಅಳೆದದ್ದನ್ನು ಹೊತ್ತಿಗೆ ಸರಿಯಾಗಿ ಹೇಳುವುದು ಮುಂದಿನ ಪಾಠ. ಖಾನಾಪುರದಲ್ಲಿ ಈ ಹೊತ್ತು ಎಂಬುದು ಮಳೆಯ ಮೇಲೆ ನಿಂತಿದೆ. ಕಣಕುಂಬಿ, ಜಾಂಬೋಟಿ ಕಡೆಯ ಜಡಿಮಳೆ ನಿಮಗೆ ಗೊತ್ತೇ ಇದೆ. ಭೀಮಗಡ ಅಭಯಾರಣ್ಯದೊಳಗಿನ ಊರುಗಳಿಗೆ ಮಳೆಗಾಲದಲ್ಲಿ ದಾರಿಯೇ ಇಲ್ಲದಂತಾಗುತ್ತದೆ. ರೋಗಿಯನ್ನು ಹೆಗಲ ಮೇಲೆ ಹೊತ್ತು ತಂದ ಸುದ್ದಿಗಳನ್ನು ಪತ್ರಿಕೆಯಲ್ಲಿ ಓದಿರುತ್ತೀರಿ. 2008ರ ರಾಜ್ಯೋತ್ಸವದಂದು ಆರಂಭವಾದ 108 ಆಂಬುಲೆನ್ಸ್ ಡಾಂಬರು ರಸ್ತೆಯವರೆಗೆ ಬಂದೀತು, ಅಲ್ಲಿಂದಾಚೆ ಬರಲಾರದು. ಆದ್ದರಿಂದ ಅಲ್ಲಿನ ಗರ್ಭಿಣಿಯ ದಿನ ಎಣಿಸಿ, ನೋವು ಕಾಣಿಸಿಕೊಳ್ಳುವ ಮೊದಲೇ ರಸ್ತೆಯ ಪಕ್ಕದ ನೆಂಟರ ಮನೆಗೋ ಆಸ್ಪತ್ರೆಯ ಹತ್ತಿರಕ್ಕೋ ಕರೆತರುವುದು ನಿಮ್ಮ ಕೆಲಸದ ಭಾಗ. ಜೊತೆಗೆ ಮರಾಠಿಯೂ ಒಂದಿಷ್ಟು ಕೊಂಕಣಿಯೂ ಬಂದರೆ ಅರ್ಧ ದಾರಿ ಸವೆದಂತೆ. ಇಲ್ಲಿನ ಅನೇಕ ಮನೆಗಳಲ್ಲಿ ನೋವು ಎಲ್ಲಿದೆ ಎಂದು ತಾಯಿ ಹೇಳಿಕೊಳ್ಳುವುದು ಆ ಭಾಷೆಗಳಲ್ಲೇ.

ಆರೈಕೆ ಎಂದರೆ ತಾಯಿ-ಮಗು ಮಾತ್ರ ಅಲ್ಲ. ಪಾರ್ಶ್ವವಾಯು ಬಡಿದು ಮಲಗಿದ ಅಜ್ಜನನ್ನು ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಬೇಕು, ಇಲ್ಲದಿದ್ದರೆ ಸೊಂಟ, ಹಿಮ್ಮಡಿಯಲ್ಲಿ ಹುಣ್ಣಾಗುತ್ತದೆ. ಇಲ್ಲಿಯೂ ಗಡಿಯಾರವೇ ಗುರು. ಯಾವ ಹೊತ್ತಿಗೆ ಯಾವ ಮಗ್ಗುಲಿಗೆ ತಿರುಗಿಸಿದಿರಿ ಎಂದು ಗೋಡೆಗೆ ಅಂಟಿಸಿದ ಹಾಳೆಯಲ್ಲಿ ಬರೆಯಿರಿ, ಸೊಸೆಗೂ ಮೊಮ್ಮಗನಿಗೂ ಕಲಿಸಿ. ಅಂಗವಿಕಲರ ಪಿಂಚಣಿ, ಗಾಲಿಕುರ್ಚಿಗಳ ವಿಚಾರಕ್ಕೆ ಗ್ರಾಮ ಪಂಚಾಯಿತಿಯಲ್ಲಿ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರಿದ್ದಾರೆ. ಅವರ ಪರಿಚಯ ಮಾಡಿಕೊಳ್ಳಿ. ಮನೆಗಳಲ್ಲಿ ಕಂಡದ್ದನ್ನು, ಕೇಳಿದ್ದನ್ನು ಬಾವಿಕಟ್ಟೆಗೆ ಒಯ್ಯಬೇಡಿ. ಒಮ್ಮೆ ಬಾಯಿ ಬಿಟ್ಟರೆ ಆ ಮನೆಯ ಬಾಗಿಲು ನಿಮಗೆ ಮತ್ತೆ ತೆರೆಯುವುದಿಲ್ಲ.

ಸಂಬಳದ ಮಾತನ್ನೂ ಮುಚ್ಚಿಡಬಾರದು. ಆಶಾ ಕಾರ್ಯಕರ್ತೆಗೆ ಸಿಗುವುದು ಗೌರವಧನ ಮತ್ತು ಕೆಲಸಕ್ಕೆ ತಕ್ಕ ಪ್ರೋತ್ಸಾಹಧನ. 2022ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಇವರನ್ನು ಗೌರವಿಸಿತು. ಅದೇ ಆಶಾಗಳು ಮಾಸಿಕ ಹಣಕ್ಕಾಗಿ 2025ರ ಜನವರಿಯಲ್ಲಿ ಬೆಂಗಳೂರಿನ ಫ್ರೀಡಂ ಪಾರ್ಕಿನಲ್ಲಿ ಚಳಿಯಲ್ಲಿ ಕೂರಬೇಕಾಯಿತು. ಇದು ನ್ಯಾಯವೆಂದು ನಾನು ಹೇಳಲಾರೆ. ತಿಳಿದುಕೊಂಡೇ ಬನ್ನಿ, ಮನೆಯವರ ಜೊತೆ ಲೆಕ್ಕ ಹಾಕಿ ಬನ್ನಿ.

ಇಷ್ಟಾದ ಮೇಲೂ ಆಸಕ್ತಿ ಉಳಿದಿದ್ದರೆ ಒಂದು ಗುರುವಾರ ನಿಮ್ಮ ಊರಿನ ಅಂಗನವಾಡಿಗೆ ಹೋಗಿ. ಸಾಮಾನ್ಯವಾಗಿ ಅಂದು ಲಸಿಕೆಯ ದಿನ. ನರ್ಸಬಾಯಿಯವರ ಅನುಮತಿ ಕೇಳಿ ಒಂದು ಪಕ್ಕದಲ್ಲಿ ಕುಳಿತುಕೊಳ್ಳಿ. ಲಸಿಕೆ ಹಾಕಿದ ಮೇಲೆ ಕೂಸನ್ನು ಅರ್ಧ ಗಂಟೆ ಅಲ್ಲೇ ಏಕೆ ಉಳಿಸಿಕೊಳ್ಳುತ್ತಾರೆ, ತಾಯಿ ಕಾರ್ಡಿನಲ್ಲಿ ಏನೇನು ಬರೆಯುತ್ತಾರೆ, ಮುಂದಿನ ದಿನಾಂಕವನ್ನು ಓದು ಬಾರದ ತಾಯಿಗೆ ಹೇಗೆ ನೆನಪಿಡಿಸುತ್ತಾರೆ ಎಂಬುದನ್ನು ಗಮನಿಸಿ. ಪ್ರಶ್ನೆಗಳು ಹುಟ್ಟುತ್ತವೆ. ನಡುವೆ ಕೇಳಬೇಡಿ, ಬರೆದಿಟ್ಟುಕೊಳ್ಳಿ. ಮಧ್ಯಾಹ್ನ ಲಸಿಕೆಯ ಪೆಟ್ಟಿಗೆ ಮುಚ್ಚಿ ಅವರು ಚಹಾಕ್ಕೆ ಕುಳಿತಾಗ ಕೇಳಿ.