ಜೀವಕೋಶದ ಸಮತೋಲವೂ ವ್ರತಿಕರ ಪಾರಣೆಯೂ

ಕುಂದಾಪುರದಿಂದ ಬೈಂದೂರಿಗೆ ಸಾಗುವ ಹೆದ್ದಾರಿಯು ಮರವಂತೆಯಲ್ಲಿ ಕಿರಿದಾದ ನೆಲದ ಪಟ್ಟಿಯೊಂದರ ಮೇಲೆ ಹಾದುಹೋಗುತ್ತದೆ. ಪಡುವಣದಲ್ಲಿ ಅರಬ್ಬೀ ಸಮುದ್ರ. ಮೂಡಣದಲ್ಲಿ ಸೌಪರ್ಣಿಕಾ ನದಿ. ಗಂಗೊಳ್ಳಿಯ ಬಳಿ ಸೌಪರ್ಣಿಕೆಯೂ ಸೇರಿದಂತೆ ಐದು ಹೊಳೆಗಳು ಕೂಡಿ ಕಡಲನ್ನು ಸೇರುವುದರಿಂದ ಆ ಅಳಿವೆಗೆ ಪಂಚಗಂಗಾವಳಿ ಎಂಬ ಹೆಸರು ಬಂದಿದೆ. ಭರತದ ವೇಳೆ ಉಪ್ಪುನೀರು ಹೊಳೆಗಳ ಒಳಕ್ಕೆ ಏರುತ್ತದೆ, ಇಳಿತದಲ್ಲಿ ಹಿಂದಿರುಗುತ್ತದೆ. ಬೇಸಗೆಯಲ್ಲಿ ಸಿಹಿನೀರಿನ ಹರಿವು ಕುಗ್ಗಿದಾಗ ಉಪ್ಪು ಮತ್ತಷ್ಟು ಮೇಲಕ್ಕೆ ಬರುವುದು. ಇದನ್ನು ತಡೆಯುವುದಕ್ಕಾಗಿ ಈ ಕರಾವಳಿಯ ಹೊಳೆಗಳಿಗೆ ಅಲ್ಲಲ್ಲಿ ಕಿಂಡಿ ಅಣೆಕಟ್ಟುಗಳನ್ನು ಕಟ್ಟಿರುವರು. ಮಳೆ ಮುಗಿದ ಬಳಿಕ ಕಿಂಡಿಗಳಿಗೆ ಹಲಗೆ ಹಾಕಿ ಸಿಹಿನೀರನ್ನು ನಿಲ್ಲಿಸುವರು. ಮಳೆಗಾಲ ಬಂದಾಗ ಹಲಗೆ ತೆಗೆಯುವರು. ಈ ಕೆಲಸ ವರ್ಷವೂ ನಡೆಯಬೇಕು. ಒಂದು ವರ್ಷ ಉದಾಸೀನವಾದರೂ ಗದ್ದೆಯ ಪೈರು ಸೊರಗುವುದು, ಬಾವಿಯ ನೀರು ಉಪ್ಪಾಗುವುದು.

ಮನುಷ್ಯಶರೀರದಲ್ಲಿಯೂ ಇಂಥ ಗಡಿಗಳಿವೆ. ಅವುಗಳನ್ನು ಕಾಯುವ ಕೆಲಸ ಹಗಲಿರುಳೂ ನಿಲ್ಲದೆ ನಡೆಯುತ್ತದೆ. ಉಪವಾಸ ಕೈಕೊಳ್ಳುವ ಶ್ರಾವಕ ಶ್ರಾವಿಕೆಯರು ಇದನ್ನು ಅರಿತಿರುವುದು ಹಿತಕರ.

ಪೊರೆಯ ಸ್ವರೂಪ

ಶರೀರವು ಅತಿಸೂಕ್ಷ್ಮವಾದ ಜೀವಕೋಶಗಳಿಂದ ಆಗಿದೆ. ‘ಜೀವಕೋಶ’ ಎಂಬುದು ವಿಜ್ಞಾನದ ಪಾರಿಭಾಷಿಕ ಶಬ್ದ. ಚೇತನಾಲಕ್ಷಣವುಳ್ಳ ಜೀವದ್ರವ್ಯವನ್ನು ಇದರೊಡನೆ ಬೆರೆಸಬಾರದು. ಇಲ್ಲಿ ವಿವೇಚಿಸಿರುವುದು ಪುದ್ಗಲಮಯವಾದ ದೇಹದ ವ್ಯಾಪಾರವನ್ನು ಮಾತ್ರ.

ಪ್ರತಿಯೊಂದು ಜೀವಕೋಶವನ್ನೂ ಎರಡು ಪದರದ, ಕೊಬ್ಬಿನ ಜಾತಿಯ ಪೊರೆಯೊಂದು ಸುತ್ತುವರಿದಿದೆ. ಇಂಥ ಒಂದು ಲಕ್ಷ ಪೊರೆಗಳನ್ನು ಒಂದರ ಮೇಲೊಂದು ಇಟ್ಟರೂ ಒಂದು ಮಿಲಿಮೀಟರು ದಪ್ಪವಾಗದು. ಆಮ್ಲಜನಕದಂಥ ಅನಿಲಗಳು ಇದನ್ನು ಸುಲಭವಾಗಿ ದಾಟುತ್ತವೆ. ಉಪ್ಪು, ಸಕ್ಕರೆಗಳಿಗೆ ಪೊರೆಯಲ್ಲಿ ಬೇರೆ ಬೇರೆ ಬಾಗಿಲುಗಳಿವೆ. ನೀರಿಗೂ ಪ್ರತ್ಯೇಕವಾದ ದಾರಿಗಳುಂಟು. ಇವುಗಳನ್ನು ಕಂಡುಹಿಡಿದ ಅಮೆರಿಕದ ಪೀಟರ್ ಆಗ್ರೆ ಅವರಿಗೆ 2003ರ ನೊಬೆಲ್ ಪಾರಿತೋಷಕದಲ್ಲಿ ಪಾಲು ದೊರೆಯಿತು.

ನೀರಿನ ನಡೆಯನ್ನು ಅಡಿಗೆಮನೆಯಲ್ಲಿಯೇ ಕಾಣಬಹುದು. ಸೌತೆಕಾಯಿಯ ಹೋಳುಗಳಿಗೆ ಉಪ್ಪು ಉದುರಿಸಿದರೆ ಸ್ವಲ್ಪ ಹೊತ್ತಿನಲ್ಲಿಯೇ ತಟ್ಟೆಯಲ್ಲಿ ನೀರು ನಿಲ್ಲುತ್ತದೆ. ಒಣದ್ರಾಕ್ಷಿಯನ್ನು ನೀರಿನಲ್ಲಿ ಹಾಕಿದರೆ ಉಬ್ಬುತ್ತದೆ. ಉಪ್ಪು ಅಥವಾ ಸಕ್ಕರೆ ಹೆಚ್ಚಾಗಿರುವ ಕಡೆಗೆ ಪೊರೆಯನ್ನು ದಾಟಿ ನೀರು ಹರಿಯುತ್ತದೆ ಎಂಬುದೇ ಇದರ ತತ್ತ್ವ. ಇದಕ್ಕೆ ಅಭಿಸರಣೆ ಎಂದು ಹೆಸರು. ಒಂದು ಲೀಟರು ಸಮುದ್ರದ ನೀರಿನಲ್ಲಿ ಸುಮಾರು 35 ಗ್ರಾಂ ಲವಣವಿದೆ. ರಕ್ತಕ್ಕೆ ಸಮನಾದ ಉಪ್ಪುನೀರನ್ನು ಆಸ್ಪತ್ರೆಯವರು ಲೀಟರಿಗೆ 9 ಗ್ರಾಮಿನಂತೆ ತಯಾರಿಸುವರು. ಬಾಯಾರಿದವನು ಕಡಲನೀರು ಕುಡಿದರೆ ಬಾಯಾರಿಕೆ ಹೆಚ್ಚುವುದು ಈ ಅಂತರದಿಂದಲೇ.

ಸಮತೋಲಕ್ಕೆ ತೆರಬೇಕಾದ ಬೆಲೆ

ಜೀವಕೋಶದ ಹೊರಗೆ ಸೋಡಿಯಂ ಹೆಚ್ಚು. ಒಳಗಿನದಕ್ಕಿಂತ ಹತ್ತು ಪಟ್ಟಿಗೂ ಮಿಗಿಲು. ಒಳಗೆ ಪೊಟ್ಯಾಸಿಯಂ ಹೆಚ್ಚು. ಹೊರಗಿನದಕ್ಕಿಂತ ಸುಮಾರು ಮೂವತ್ತು ಪಟ್ಟು. ಸೋಡಿಯಂ ಸದಾ ಒಳಕ್ಕೆ ಜಿನುಗುತ್ತಿರುತ್ತದೆ, ಪೊಟ್ಯಾಸಿಯಂ ಹೊರಕ್ಕೆ ಸೋರುತ್ತಿರುತ್ತದೆ. ಪೊರೆಯಲ್ಲಿರುವ ಒಂದು ಬಗೆಯ ಪಂಪು ಮೂರು ಸೋಡಿಯಂ ಕಣಗಳನ್ನು ಹೊರದೂಡಿ ಎರಡು ಪೊಟ್ಯಾಸಿಯಂ ಕಣಗಳನ್ನು ಒಳಗೆ ಎಳೆದುಕೊಳ್ಳುತ್ತದೆ. ಇದನ್ನು ಡೆನ್ಮಾರ್ಕಿನ ಯೆನ್ಸ್ ಸ್ಕೂ 1957ರಲ್ಲಿ ತಿಳಿಸಿದರು. 1997ರಲ್ಲಿ ನೊಬೆಲ್ ಪಾರಿತೋಷಕದಲ್ಲಿ ಪಾಲು ಪಡೆದರು. ವಿಶ್ರಾಂತಿಯಲ್ಲಿರುವ ಶರೀರವು ವ್ಯಯಿಸುವ ಶಕ್ತಿಯ ಐದನೆಯ ಒಂದು ಭಾಗವೋ ಅದಕ್ಕೂ ಹೆಚ್ಚೋ ಈ ಒಂದು ಕಾರ್ಯಕ್ಕೇ ಬೇಕು. ಪಂಪು ನಿಂತರೆ ಸೋಡಿಯಂ ಒಳಗೆ ತುಂಬುವುದು, ಅದರ ಹಿಂದೆಯೇ ನೀರು ನುಗ್ಗುವುದು, ಕೋಶ ಉಬ್ಬಿ ಕೆಡುವುದು.

ಪಂಚಗಂಗಾವಳಿಯ ಅಂಚಿನ ಕಾಂಡ್ಲಾ ಗಿಡಗಳೂ ಹೀಗೆಯೇ ಶ್ರಮಿಸುತ್ತವೆ. ಕೆಲವು ಜಾತಿಗಳು ಉಪ್ಪನ್ನು ಬೇರಿನಲ್ಲಿಯೇ ತಡೆಯುತ್ತವೆ. ಕೆಲವು ಎಲೆಯ ಗ್ರಂಥಿಗಳಿಂದ ಹೊರಹಾಕುತ್ತವೆ. ಉಪ್ಪುನೀರಿನಲ್ಲಿ ಭತ್ತ ಸಾಯುವಾಗ ಕಾಂಡ್ಲಾ ಹಸುರಾಗಿ ನಿಲ್ಲುವುದರ ಕಾರಣ ಇದೇ. ಸಮತೋಲವೆಂದರೆ ನಿಶ್ಚಲವಾಗಿರುವುದಲ್ಲ, ಎಡೆಬಿಡದ ಪರಿಶ್ರಮದ ಫಲ.

ನೀರನ್ನೂ ಬಿಟ್ಟ ದಿನ

ಚತುರ್ವಿಧ ಆಹಾರತ್ಯಾಗದಲ್ಲಿ ನೀರೂ ಸೇರಿದೆ. ಆ ದಿನ ವ್ರತಿಕರು ಬಸದಿಯಲ್ಲಿ ನಿಶ್ಚಲವಾಗಿ ಕುಳಿತು ಸ್ವಾಧ್ಯಾಯ ಮಾಡುತ್ತಿದ್ದರೂ ಬೆವರು, ಉಸಿರು, ಮೂತ್ರಗಳಿಂದ ನೀರು ಹೋಗುತ್ತಲೇ ಇರುತ್ತದೆ. ರಕ್ತ ತುಸು ಗಾಢವಾದೊಡನೆ ಮೆದುಳು ಅದನ್ನು ಅರಿತು ಮೂತ್ರಪಿಂಡಕ್ಕೆ ಸೂಚನೆ ಕಳುಹಿಸುತ್ತದೆ. ಅಲ್ಲಿನ ನಾಳಗಳ ಪೊರೆಯಲ್ಲಿ ನೀರಿನ ದಾರಿಗಳು ಹೆಚ್ಚುತ್ತವೆ. ನೀರು ರಕ್ತಕ್ಕೆ ಮರಳುತ್ತದೆ. ಮೂತ್ರ ಕಡಿಮೆಯಾಗಿ ಗಾಢವಾಗುತ್ತದೆ. ದಿನಕ್ಕೆ ಸುಮಾರು 180 ಲೀಟರು ದ್ರವವನ್ನು ಸೋಸಿ ಅದರಲ್ಲಿ ನೂರಕ್ಕೆ ತೊಂಬತ್ತೊಂಬತ್ತು ಪಾಲನ್ನು ಹಿಂದಿರುಗಿಸುವ ಈ ಅಂಗ ಆರೋಗ್ಯವಾಗಿದ್ದರೆ ಒಂದು ದಿನದ ಉಪವಾಸವನ್ನು ಶರೀರ ಸಾಮಾನ್ಯವಾಗಿ ತಾಳಿಕೊಳ್ಳುತ್ತದೆ. ಆದರೆ ಫಾಲ್ಗುಣದ ಅಷ್ಟಾಹ್ನಿಕದಲ್ಲಿ ಕರಾವಳಿಯ ಸೆಕೆಗೆ ಬೆವರು ಹೆಚ್ಚು. ವೃದ್ಧರಲ್ಲಿ ಬಾಯಾರಿಕೆಯ ಅರಿವು ಮಂದ. ತಲೆಸುತ್ತು, ಮಾತಿನ ತೊಡರು, ಮೂತ್ರ ನಿಲ್ಲುವುದು ಕಂಡುಬಂದರೆ ಅದನ್ನು ತಪಸ್ಸಿನ ದಣಿವೆಂದು ಬಗೆದು ಸುಮ್ಮನಿರಬಾರದು.

ರಸಪರಿತ್ಯಾಗದಲ್ಲಿ ಉಪ್ಪನ್ನು ಬಿಡುವವರೂ ಉಂಟು. ರಕ್ತದೊತ್ತಡಕ್ಕಾಗಿ ಮೂತ್ರ ಹೆಚ್ಚಿಸುವ ಗುಳಿಗೆ ಸೇವಿಸುವವರು ಹಲವು ದಿನ ಉಪ್ಪು ಬಿಟ್ಟರೆ ರಕ್ತದ ಸೋಡಿಯಂ ತೀರ ಇಳಿದು, ಮೆದುಳಿನ ಕೋಶಗಳೊಳಕ್ಕೆ ನೀರು ಸೇರಿ, ಬುದ್ಧಿಭ್ರಮೆ ಉಂಟಾಗಬಹುದು. ಇಂಥವರು ನಿಯಮ ಹಿಡಿಯುವ ಮೊದಲೇ ವೈದ್ಯರಿಗೆ ತಿಳಿಸಬೇಕು.

ಪಾರಣೆಯ ಅಪಾಯ

ಉಪವಾಸದ ದಿನಗಳಲ್ಲಿ ಮನೆಯವರು ವ್ರತಿಕರನ್ನು ಎಚ್ಚರದಿಂದ ನೋಡಿಕೊಳ್ಳುತ್ತಾರೆ. ಪಾರಣೆಯ ದಿನ ಸಂತೋಷದಲ್ಲಿ ಎಚ್ಚರ ತಪ್ಪುತ್ತಾರೆ. ದಶಲಕ್ಷಣ ಪರ್ವದ ಹತ್ತು ದಿನಗಳ ಉಪವಾಸ ಮುಗಿಸಿದ ಹಿರಿಯರಿಗೆ ಪಾಯಸ, ಹೋಳಿಗೆಗಳನ್ನು ಒತ್ತಾಯದಿಂದ ಬಡಿಸುವುದನ್ನು ಎಷ್ಟೋ ಮನೆಗಳಲ್ಲಿ ಕಾಣಬಹುದು. ಅಪಾಯವಿರುವುದು ಇಲ್ಲಿಯೇ.

ದೀರ್ಘ ಉಪವಾಸದಲ್ಲಿ ಜೀವಕೋಶಗಳೊಳಗಿನ ಪೊಟ್ಯಾಸಿಯಂ, ಮೆಗ್ನೀಸಿಯಂ, ಫಾಸ್ಫೇಟುಗಳ ಸಂಗ್ರಹ ಕರಗುತ್ತದೆ. ಆದರೂ ರಕ್ತಪರೀಕ್ಷೆಯಲ್ಲಿ ಕೊರತೆ ಕಾಣದೆ ಇರಬಹುದು. ಒಮ್ಮೆಲೇ ಅನ್ನ, ಸಕ್ಕರೆಗಳು ಹೊಟ್ಟೆ ಸೇರಿದಾಗ ಇನ್ಸುಲಿನ್ ಏರುತ್ತದೆ. ಪೊರೆಯ ಬಾಗಿಲುಗಳು ತೆರೆಯುತ್ತವೆ. ಸಕ್ಕರೆಯೊಡನೆ ಈ ಲವಣಗಳೂ ರಕ್ತದಿಂದ ಕೋಶಗಳೊಳಕ್ಕೆ ಧಾವಿಸುತ್ತವೆ. ರಕ್ತದಲ್ಲಿ ಉಳಿದದ್ದು ಹೃದಯದ ಬಡಿತಕ್ಕೂ ಉಸಿರಾಟದ ಸ್ನಾಯುಗಳಿಗೂ ಸಾಲದೆ ಹೋಗುತ್ತದೆ. ಎರಡನೆಯ ಮಹಾಯುದ್ಧದ ಕೊನೆಯಲ್ಲಿ ಬಿಡುಗಡೆಯಾದ, ಹಸಿವಿನಿಂದ ಬಳಲಿದ ಸೆರೆಯಾಳುಗಳಲ್ಲಿ ಕೆಲವರು ಹೊಟ್ಟೆ ತುಂಬ ಉಂಡ ಬಳಿಕವೇ ಮೃತರಾದದ್ದು ದಾಖಲಾಗಿದೆ. ಐದು ದಿನಗಳಿಗೂ ಮೀರಿ ಆಹಾರವಿಲ್ಲದಿದ್ದವರಿಗೆ ಮೊದಲ ಎರಡು ದಿನ ಅಗತ್ಯದ ಅರ್ಧಕ್ಕಿಂತ ಹೆಚ್ಚು ಕೊಡಬಾರದೆಂದೂ, ಹತ್ತು ದಿನ ಮೀರಿದ್ದರೆ ಇನ್ನೂ ಕಡಿಮೆಯಿಂದ ತೊಡಗಬೇಕೆಂದೂ ವೈದ್ಯರು ಹೇಳುವರು. ದೀರ್ಘ ಉಪವಾಸದ ಪಾರಣೆಯು ವೈದ್ಯರ ಸಲಹೆಯಂತೆಯೇ ನಡೆಯತಕ್ಕದ್ದು. ಪಾರಣೆಯಾದ ಕೆಲವು ದಿನಗಳಲ್ಲಿ ಕಾಲು ಬಾತು, ಏದುಸಿರು, ಎದೆಬಡಿತದ ಏರುಪೇರು, ಅತಿನಿಶ್ಶಕ್ತಿ ಕಂಡರೆ ತಡಮಾಡದೆ ಆಸ್ಪತ್ರೆಗೆ ಒಯ್ಯಬೇಕು.

ಶಕ್ತಿಯ ಅಳತೆ

ಷೋಡಶಕಾರಣ ಭಾವನೆಗಳಲ್ಲಿ ತ್ಯಾಗಕ್ಕೂ ತಪಸ್ಸಿಗೂ ‘ಶಕ್ತಿತಃ’ ಎಂಬ ವಿಶೇಷಣವಿದೆ. ಶಕ್ತಿಯನ್ನು ಮರೆಮಾಚಿ ಆಲಸ್ಯ ಮಾಡುವುದು ಹೇಗೆ ಸಲ್ಲದೋ ಶಕ್ತಿಯನ್ನು ಮೀರಿ ಸಂಕ್ಲೇಶಕ್ಕೆ ಒಳಗಾಗುವುದೂ ಹಾಗೆಯೇ ಸಲ್ಲದು. ಪ್ರೋಷಧೋಪವಾಸದ ಕ್ರಮದಲ್ಲಿ ಹಿಂದಿನ ದಿನವೂ ಮರುದಿನವೂ ಒಂದೇ ಊಟ. ಇದರ ಉದ್ದೇಶ ಸಂಯಮವೇ ಹೊರತು ಆರೋಗ್ಯವಲ್ಲ. ಆದರೂ ಆಹಾರವನ್ನು ಬಿಡುವಾಗಲೂ ಹಿಡಿಯುವಾಗಲೂ ಮಿತವಿರಬೇಕೆಂಬ ಶಿಕ್ಷಣ ಅದರಲ್ಲಿದೆ. ಬಾಹ್ಯತಪಸ್ಸುಗಳು ಆರು, ಅನಶನ ಅವುಗಳಲ್ಲಿ ಒಂದು. ಇನ್ಸುಲಿನ್ ತೆಗೆದುಕೊಳ್ಳುವ ಮಧುಮೇಹಿಗಳು, ಮೂತ್ರಪಿಂಡದ ರೋಗಿಗಳು, ಗರ್ಭಿಣಿಯರು ಅನಶನ ಮಾಡಲಾಗಲಿಲ್ಲವೆಂದು ಕೊರಗಬೇಕಾಗಿಲ್ಲ. ಅವಮೌದರ್ಯವೂ ತಪಸ್ಸೇ, ಸ್ವಾಧ್ಯಾಯ ಅಂತರಂಗ ತಪಸ್ಸು.

ಮನೆಯಲ್ಲಿ ವಿಚಾರಿಸತಕ್ಕ ಪ್ರಶ್ನೆಗಳು

1. ಉಪ್ಪು ಸೋಕಿದ ಸೌತೆಕಾಯಿಯಿಂದ ನೀರು ಹೊರಡುವುದೇಕೆ?
2. ಉಪವಾಸದಲ್ಲಿ ಇಳಿಯದಿದ್ದ ರಕ್ತದ ಲವಣಗಳು ಪಾರಣೆಯ ಬಳಿಕ ಇಳಿಯುವುದೇಕೆ?
3. ಈ ಪರ್ವದಲ್ಲಿ ವ್ರತ ಹಿಡಿಯಲಿರುವ ಹಿರಿಯರು ಯಾವ ಗುಳಿಗೆಗಳನ್ನು ಸೇವಿಸುತ್ತಿರುವರು? ಅವರ ಪಾರಣೆಯ ಮೊದಲ ತುತ್ತು ಯಾವುದು, ಎಷ್ಟು?

ಮೂರನೆಯ ಪ್ರಶ್ನೆಗೆ ಉತ್ತರವನ್ನು ಪ್ರತ್ಯಾಖ್ಯಾನ ಸ್ವೀಕರಿಸುವ ಮೊದಲೇ ಕಂಡುಕೊಳ್ಳಬೇಕು.