ಬ್ಯಾಟರಿ ಬದಲಿಸುವ ಮುನ್ನ: ಮೊದಲು ಅಳತೆ, ಆಮೇಲೆ ಖರೀದಿ

ಪಾಠದ ಉದ್ದೇಶ: ಸ್ಕೂಟರ್, ಮೊಪೆಡ್, ಬೈಕ್ ಇರುವ ಸದಸ್ಯೆಯರು ಸರಿಯಾದ ಬ್ಯಾಟರಿಯನ್ನು ತಾವೇ ಆರಿಸಿಕೊಳ್ಳುವಂತಾಗುವುದು, ಅನಗತ್ಯ ಖರ್ಚು ತಪ್ಪಿಸುವುದು.



ಹಿಂದೆ ಸಂಘದ ಸಾಲ ಅಂದರೆ ದನ, ಹೊಲಿಗೆ ಯಂತ್ರ, ಮಕ್ಕಳ ಫೀಸು ಎಂದಿತ್ತು. ಈಗ ನಮ್ಮಲ್ಲಿ ಹಲವರು ಗಾಡಿಗೂ ಸಾಲ ತೆಗೆಯುತ್ತಾರೆ. ಹಾಲು ಡೈರಿಗೆ ಮುಟ್ಟಿಸಲು, ಮೀನು ತರಕಾರಿ ಮಾರಲು, ಹೊಲಿದ ಬಟ್ಟೆ ಅಂಗಡಿಗೆ ಕೊಡಲು ಗಾಡಿ ಬೇಕೇ ಬೇಕು. ಬೆಳಿಗ್ಗೆ ಅದು ಸ್ಟಾರ್ಟ್ ಆಗಲಿಲ್ಲ ಅಂದ್ರೆ ಆ ದಿನದ ದುಡಿಮೆ ಹೋಯ್ತು. ಆ ಗಡಿಬಿಡಿಯಲ್ಲಿ ಅಂಗಡಿಯವರು ಕೊಟ್ಟ ಬ್ಯಾಟರಿಯನ್ನು ತಂದು ಹಾಕುತ್ತೇವೆ. ಆರು ತಿಂಗಳಿಗೆ ಮತ್ತೆ ಅದೇ ಕಥೆ.

ಹಳೆಯ ಕಾರ್ಬುರೇಟರ್ ಗಾಡಿಗಳಲ್ಲಿ ಬ್ಯಾಟರಿ ಸತ್ತರೂ ಕಿಕ್ ಹೊಡೆದು ಹೇಗೋ ಹೊರಡಬಹುದಿತ್ತು. 2020ರ ಏಪ್ರಿಲ್ 1ರಿಂದ ಬಿ.ಎಸ್.-6 ನಿಯಮ ಬಂದ ಮೇಲೆ ಹೆಚ್ಚಿನ ಗಾಡಿಗಳಲ್ಲಿ ಪೆಟ್ರೋಲನ್ನು ಇಂಜಿನ್‌ಗೆ ಕಳುಹಿಸುವುದು ಕರೆಂಟಿನ ಪಂಪು. ಬ್ಯಾಟರಿ ಪೂರ್ತಿ ಖಾಲಿಯಾದರೆ ಕಿಕ್ ಹೊಡೆದರೂ ಹೆಚ್ಚಾಗಿ ಸ್ಟಾರ್ಟ್ ಆಗುವುದಿಲ್ಲ. ಆದ್ದರಿಂದ ಬ್ಯಾಟರಿಯ ವಿಷಯ ತಿಳಿದಿರುವುದು ಒಳ್ಳೆಯದು. ಈ ಪಾಠ ಪೆಟ್ರೋಲ್ ಗಾಡಿಗಳಿಗೆ ಮಾತ್ರ. ಎಲೆಕ್ಟ್ರಿಕ್ ಸ್ಕೂಟರಿನ ದೊಡ್ಡ ಬ್ಯಾಟರಿಯ ವಿಷಯ ಬೇರೆ.

1. ಬ್ಯಾಟರಿ ನಿಜವಾಗಿಯೂ ಹೋಗಿದೆಯೇ?

ಸೆಲ್ಫ್ ಒತ್ತಿದರೆ ಟಕ್ ಟಕ್ ಶಬ್ದ, ಹಾರ್ನ್ ಕ್ಷೀಣ, ಇಂಡಿಕೇಟರ್ ಮಂಕು. ಇವು ಬ್ಯಾಟರಿಯಲ್ಲಿ ಕರೆಂಟ್ ಕಡಿಮೆ ಇರುವ ಲಕ್ಷಣಗಳು. ಆದರೆ ಕರೆಂಟ್ ಕಡಿಮೆಯಾಗಲು ಬ್ಯಾಟರಿಯೇ ಕಾರಣ ಆಗಬೇಕೆಂದಿಲ್ಲ. ಟರ್ಮಿನಲ್‌ನ ಸ್ಕ್ರೂ ಸಡಿಲವಾಗಿರಬಹುದು, ಬಿಳಿ ಹಸಿರು ಪುಡಿ ಕಟ್ಟಿರಬಹುದು. ಗಾಡಿ ಓಡುವಾಗ ಬ್ಯಾಟರಿಗೆ ಚಾರ್ಜ್ ತುಂಬಿಸುವ ವ್ಯವಸ್ಥೆಯೇ ಕೆಟ್ಟಿರಬಹುದು. ಹಾಗಿದ್ದರೆ ಹೊಸ ಬ್ಯಾಟರಿ ಹಾಕಿದರೂ ಕೆಲವೇ ದಿನಗಳಲ್ಲಿ ಅದೂ ಖಾಲಿ.

ಆದ್ದರಿಂದ ಖರೀದಿಗೆ ಮೊದಲು ಮೆಕ್ಯಾನಿಕ್ ಹತ್ತಿರ ಮೀಟರ್ ಇಟ್ಟು ಮೂರು ಅಳತೆ ಮಾಡಿಸಿ, ಸಂಖ್ಯೆಗಳನ್ನು ನೀವೇ ನೋಡಿ.

ಅ) ಗಾಡಿ ಕೆಲವು ಗಂಟೆ ನಿಂತ ಮೇಲೆ: 12.6 ವೋಲ್ಟ್ ಅಥವಾ ಹೆಚ್ಚು ಇದ್ದರೆ ಬ್ಯಾಟರಿ ತುಂಬಿದೆ. 12ಕ್ಕಿಂತ ಕಡಿಮೆ ಇದ್ದರೆ ಖಾಲಿಯಾಗಿದೆ.
ಆ) ಇಂಜಿನ್ ಓಡುತ್ತಿರುವಾಗ, ಸ್ವಲ್ಪ ಎಕ್ಸಿಲೇಟರ್ ಕೊಟ್ಟರೆ: ಸುಮಾರು 13.5ರಿಂದ 14.5 ವೋಲ್ಟ್ ಬರಬೇಕು. ಏರದೆ 12ರ ಹತ್ತಿರವೇ ನಿಂತರೆ ಚಾರ್ಜಿಂಗ್ ದೋಷ. 15 ದಾಟಿದರೆ ರೆಗ್ಯುಲೇಟರ್ ದೋಷ. ಅದು ಹೊಸ ಬ್ಯಾಟರಿಯನ್ನೂ ಕುದಿಸಿ ಹಾಳು ಮಾಡುತ್ತದೆ.
ಇ) ಪೂರ್ತಿ ಚಾರ್ಜ್ ಮಾಡಿದ ಬ್ಯಾಟರಿಯಲ್ಲಿ ಸೆಲ್ಫ್ ಒತ್ತುವಾಗ: ವೋಲ್ಟ್ ಸ್ವಲ್ಪ ಇಳಿಯುವುದು ಸಹಜ. ಆದರೆ 9ಕ್ಕಿಂತ ಕೆಳಗೆ ಬಿದ್ದರೆ ಬ್ಯಾಟರಿಯ ಶಕ್ತಿ ಮುಗಿದಿದೆ ಎಂದು ತಿಳಿಯಬಹುದು.

ಬರೀ ಖಾಲಿಯಾದ ಬ್ಯಾಟರಿಯನ್ನು ಚಾರ್ಜರ್‌ನಲ್ಲಿ ತುಂಬಿಸಿ ಒಂದು ರಾತ್ರಿ ಹಾಗೇ ಇಡಿ. ಬೆಳಿಗ್ಗೆಯೂ 12.5ರ ಮೇಲೆ ನಿಂತು, ಸೆಲ್ಫೂ ಸರಿಯಾಗಿ ತಿರುಗಿದರೆ ಇನ್ನೂ ಬಳಸಬಹುದು. ಕೆಳಗೆ ಇಳಿದಿದ್ದರೆ ಮಾತ್ರ ಹೊಸದರ ಮಾತು.

2. ಯಾವುದು ಹೊಂದಬೇಕು?

ವೋಲ್ಟ್: ನೀರಿನ ಒತ್ತಡ ಇದ್ದ ಹಾಗೆ. ಈಗಿನ ದ್ವಿಚಕ್ರ ಗಾಡಿಗಳಿಗೆ 12 ವೋಲ್ಟ್.

ಎ.ಎಚ್.: ಕೊಡದ ಗಾತ್ರ ಇದ್ದ ಹಾಗೆ, ಎಷ್ಟು ಕರೆಂಟ್ ಹಿಡಿಯುತ್ತದೆ ಎಂದು ತಿಳಿಸುತ್ತದೆ. 5 ಎ.ಎಚ್. ಬ್ಯಾಟರಿ ಅರ್ಧ ಆಂಪಿಯರ್‌ನಂತೆ ಸುಮಾರು 10 ಗಂಟೆ ಕೊಡಬಲ್ಲದು. ಸಣ್ಣ ಬೈಕ್, ಸ್ಕೂಟರ್‌ಗಳಲ್ಲಿ ಸಾಮಾನ್ಯವಾಗಿ 3, 4 ಅಥವಾ 5 ಎ.ಎಚ್. ಇರುತ್ತದೆ. ನಿಮ್ಮ ಗಾಡಿಗೆ ಎಷ್ಟು ಎಂಬುದು ಗಾಡಿಯ ಜೊತೆ ಬಂದ ಪುಸ್ತಕದಲ್ಲೂ ಹಳೆಯ ಬ್ಯಾಟರಿಯ ಮೇಲೂ ಇದೆ. ಪುಸ್ತಕದ ಸಂಖ್ಯೆಯನ್ನೇ ನಂಬಿ. ಹಿಂದೆ ಯಾರಾದರೂ ತಪ್ಪು ಬ್ಯಾಟರಿ ಹಾಕಿರಲೂಬಹುದು. ಕಡಿಮೆ ಎ.ಎಚ್. ಹಾಕಿದರೆ ಸೆಲ್ಫ್‌ಗೆ ಸಾಲುವುದಿಲ್ಲ. ಹೆಚ್ಚಿನದು ಪೆಟ್ಟಿಗೆಯಲ್ಲಿ ಕೂರುವುದಿಲ್ಲ, ದುಡ್ಡೂ ಜಾಸ್ತಿ.

ಉದ್ದ, ಅಗಲ, ಎತ್ತರ ಮತ್ತು ಪ್ಲಸ್ ಇರುವ ಬದಿ: ಎಲ್ಲ ಸರಿಯಿದ್ದೂ ಪ್ಲಸ್ ಎಡಕ್ಕಿರುವ ಬದಲು ಬಲಕ್ಕಿದ್ದರೆ ವಯರು ಮುಟ್ಟುವುದಿಲ್ಲ. ಎಳೆದು ತಪ್ಪಾಗಿ ಜೋಡಿಸಿದರೆ ಫ್ಯೂಸ್ ಸುಡುತ್ತದೆ, ಗಾಡಿಯ ಎಲೆಕ್ಟ್ರಾನಿಕ್ ಭಾಗಗಳೂ ಕೆಡಬಹುದು. ಆದ್ದರಿಂದ ಬ್ಯಾಟರಿಯ ಹೆಸರಿನ ಕೊನೆಯ ಅಕ್ಷರವನ್ನೂ ಬಿಡದೆ ಬರೆದುಕೊಂಡು ಹೋಗಿ. ಆಗದಿದ್ದರೆ ಹಳೆಯದರ ಫೋಟೋ ತೆಗೆದುಕೊಳ್ಳಿ.

3. ನೀರು ಹಾಕುವುದೋ, ಹಾಕದ್ದೋ?

ನೀರು ಹಾಕುವ ಬ್ಯಾಟರಿಗೆ ಮೇಲೆ ಆರು ಮುಚ್ಚಳ ಇರುತ್ತದೆ. ಬೆಲೆ ಸಾಮಾನ್ಯವಾಗಿ ಕಡಿಮೆ. ಆದರೆ ಆಗಾಗ ನೋಡಿ, ಕೆಳಗಿನ ಮತ್ತು ಮೇಲಿನ ಗೆರೆಗಳ ನಡುವೆ ಇರುವಂತೆ ಡಿಸ್ಟಿಲ್ಡ್ ವಾಟರ್ ಹಾಕಬೇಕು. ಬಾವಿ ನೀರು, ನಲ್ಲಿ ನೀರು ಬೇಡ. ಅದರಲ್ಲಿರುವ ಲವಣಗಳು ಒಳಗಿನ ಪ್ಲೇಟುಗಳನ್ನು ಕೆಡಿಸುತ್ತವೆ. ಸೀಲ್ ಮಾಡಿದ ಬ್ಯಾಟರಿಗೆ ನೀರು ಹಾಕುವ ಕೆಲಸವಿಲ್ಲ. ಗಾಡಿಗೆ ಕಂಪನಿಯವರು ಸೀಲ್ ಮಾಡಿದ್ದನ್ನು ಕೊಟ್ಟಿದ್ದರೆ ಅದನ್ನೇ ಹಾಕಿಸಿ.

ಅಂಗಡಿಯಲ್ಲೇ ಆಸಿಡ್ ತುಂಬಿಸುವ ಬ್ಯಾಟರಿಯಾದರೆ, ತುಂಬಿದ ಕೂಡಲೇ ಗಾಡಿಗೆ ಹಾಕಿಸಬೇಡಿ. ಮೊದಲ ಚಾರ್ಜ್ ಪೂರ್ತಿ ಆಗಲೇಬೇಕು. "ಓಡಿಸ್ತಾ ಓಡಿಸ್ತಾ ಚಾರ್ಜ್ ಆಗುತ್ತೆ" ಎಂಬ ಮಾತಿಗೆ ಒಪ್ಪಿದರೆ ಬ್ಯಾಟರಿಯ ಆಯಸ್ಸು ಮೊದಲ ದಿನವೇ ಕಡಿಮೆಯಾಗುತ್ತದೆ.

4. ಅಗ್ಗದ್ದು ನಿಜವಾಗಿ ಅಗ್ಗವೇ?

ಲೆಕ್ಕಕ್ಕಾಗಿ ಒಂದು ಉದಾಹರಣೆ. ಒಂದು ಬ್ಯಾಟರಿಗೆ 1,200 ರೂಪಾಯಿ, ವಾರಂಟಿ 12 ತಿಂಗಳು. ಇನ್ನೊಂದಕ್ಕೆ 1,800 ರೂಪಾಯಿ, ವಾರಂಟಿ 36 ತಿಂಗಳು. ಮೊದಲನೆಯದಕ್ಕೆ ತಿಂಗಳಿಗೆ 100 ರೂಪಾಯಿ ಬಿತ್ತು, ಎರಡನೆಯದಕ್ಕೆ 50 ರೂಪಾಯಿ.

ಆದರೆ ವಾರಂಟಿಯನ್ನು ಸರಿಯಾಗಿ ಓದಬೇಕು. ಕಾರ್ಡಿನಲ್ಲಿ 24+24 ಎಂದಿದ್ದರೆ ಸಾಮಾನ್ಯವಾಗಿ ಮೊದಲ 24 ತಿಂಗಳು ಕೆಟ್ಟರೆ ಉಚಿತವಾಗಿ ಬದಲಿ, ನಂತರದ 24 ತಿಂಗಳು ಹೊಸದರ ಬೆಲೆಯಲ್ಲಿ ರಿಯಾಯಿತಿ ಮಾತ್ರ. ನಾಲ್ಕು ವರ್ಷ ಪುಕ್ಕಟೆ ಎಂದು ತಿಳಿಯಬಾರದು.

5. ಅಂಗಡಿಯಲ್ಲಿ ಹೀಗೆ ಮಾತಾಡಿ

ಸಭೆಯಲ್ಲಿ ಇಬ್ಬರು ಸದಸ್ಯೆಯರು ಇದನ್ನು ಅಭಿನಯಿಸಿ ತೋರಿಸಬಹುದು.

ಸದಸ್ಯೆ: ಅಣ್ಣಾ, 12 ವೋಲ್ಟ್ 5 ಎ.ಎಚ್. ಬೇಕು. ಹೆಸರು ಬರೆದು ತಂದಿದ್ದೇನೆ, ನೋಡಿ.
ಅಂಗಡಿಯವರು: ಅದಿಲ್ಲಕ್ಕ, 4ರದ್ದು ಇದೆ. ಏನೂ ಆಗೋದಿಲ್ಲ, ಹಾಕಿ.
ಸದಸ್ಯೆ: ಬೇಡಣ್ಣ. ಪುಸ್ತಕದಲ್ಲಿ 5 ಅಂತ ಇದೆ. ತರಿಸಿ ಕೊಡ್ತೀರಾ?
ಅಂಗಡಿಯವರು: ಸರಿ, ನಾಳೆ ಬನ್ನಿ.
ಸದಸ್ಯೆ: ಯಾವ ತಿಂಗಳು ತಯಾರಾದದ್ದು ಅಂತ ತೋರಿಸಿ. ಕೊಡುವಾಗ ಮೀಟರ್ ಇಟ್ಟು ನೋಡೋಣ. ಹಳೆಯದು ನಿಮಗೇ ಕೊಡ್ತೇನೆ, ಅದರ ಬೆಲೆ ಬಿಲ್ಲಿನಲ್ಲಿ ಕಳೆದು ಬರೀರಿ.

ತಯಾರಾದ ದಿನ ಕೇಳುವುದು ಯಾಕೆ? ಬ್ಯಾಟರಿ ಕಪಾಟಿನಲ್ಲಿ ಸುಮ್ಮನೆ ಕೂತರೂ ನಿಧಾನವಾಗಿ ಚಾರ್ಜ್ ಕಳೆದುಕೊಳ್ಳುತ್ತದೆ. ಸೆಕೆಗೆ ಇನ್ನೂ ಬೇಗ. ಬಹಳ ದಿನ ಖಾಲಿಯಾಗಿ ಕೂತದ್ದು ಒಳಗೇ ಗಟ್ಟಿಗಟ್ಟಿ ಕೆಡುತ್ತದೆ. ಹೊರಡುವ ಮುನ್ನ ಬಿಲ್ ಮತ್ತು ವಾರಂಟಿ ಕಾರ್ಡಿನಲ್ಲಿ ದಿನಾಂಕ, ಬ್ಯಾಟರಿಯ ನಂಬರು, ಅಂಗಡಿಯ ಮೊಹರು ಇದೆಯೇ ನೋಡಿ. ಕಾರ್ಡಿನ ಪ್ರಕಾರ ಬದಲಿ ಕೊಡಲು ಒಪ್ಪದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಬಹುದು. ಜಿಲ್ಲಾ ಗ್ರಾಹಕ ಆಯೋಗಕ್ಕೆ ವಕೀಲರಿಲ್ಲದೆಯೂ ದೂರು ಕೊಡಬಹುದು. ಕೊಟ್ಟ ಬೆಲೆ 5 ಲಕ್ಷದೊಳಗಿದ್ದರೆ ಶುಲ್ಕವಿಲ್ಲ. ಬಿಲ್ ಇಲ್ಲದಿದ್ದರೆ ಮಾತ್ರ ನಮ್ಮ ಮಾತಿಗೆ ಬಲವಿಲ್ಲ.

6. ಹಳೆಯ ಬ್ಯಾಟರಿ ಮನೆಯಲ್ಲಿ ಬೇಡ

ಬ್ಯಾಟರಿಯೊಳಗೆ ಸೀಸ ಮತ್ತು ಗಂಧಕಾಮ್ಲ ಇವೆ. ಸೀಸದ ಧೂಳು ಮಕ್ಕಳ ಮೆದುಳಿನ ಬೆಳವಣಿಗೆಗೆ ಹಾನಿ ಮಾಡುತ್ತದೆ, ಗರ್ಭಿಣಿಯರಿಗೂ ಅಪಾಯ. ಸೀಸ ಇಷ್ಟು ಇದ್ದರೆ ಪರವಾಗಿಲ್ಲ ಎಂಬ ಪ್ರಮಾಣವೇ ಇಲ್ಲ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಆದ್ದರಿಂದ ಹಿತ್ತಲಲ್ಲಿ ಒಡೆಯುವುದು, ಸೀಸ ಕರಗಿಸುವುದು, ಆಸಿಡ್ ಚರಂಡಿಗೆ ಚೆಲ್ಲುವುದು ಬೇಡವೇ ಬೇಡ. ನಾಲ್ಕು ಕಾಸು ಹೆಚ್ಚು ಸಿಗುತ್ತದೆಂದು, ಒಡೆದು ಸೀಸ ತೆಗೆಯುವ ಗುಜರಿಯವರಿಗೂ ಕೊಡಬೇಡಿ. 2022ರ ಬ್ಯಾಟರಿ ತ್ಯಾಜ್ಯ ನಿರ್ವಹಣಾ ನಿಯಮಗಳ ಪ್ರಕಾರ ಹಳೆಯ ಬ್ಯಾಟರಿಯನ್ನು ಬೇರೆ ಕಸದೊಂದಿಗೆ ಸೇರಿಸದೆ, ಸಂಗ್ರಹಿಸುವವರಿಗೆ ಒಪ್ಪಿಸುವುದು ಬಳಕೆದಾರರ ಕರ್ತವ್ಯ. ಹೊಸದನ್ನು ಕೊಂಡ ಅಂಗಡಿಗೇ ಕೊಡುವುದು ಸುಲಭದ ದಾರಿ.

ನೆನಪಿಡಿ

* ಬಿಚ್ಚುವಾಗ ಮೊದಲು ಮೈನಸ್, ಆಮೇಲೆ ಪ್ಲಸ್. ಜೋಡಿಸುವಾಗ ಮೊದಲು ಪ್ಲಸ್, ಆಮೇಲೆ ಮೈನಸ್.
* ಜೋಡಿಸಿದ ಮೇಲೆ ಟರ್ಮಿನಲ್‌ಗೆ ತೆಳ್ಳಗೆ ವ್ಯಾಸಲಿನ್ ಸವರಿ.
* ಚಾರ್ಜ್ ಮಾಡುವಾಗ ಹತ್ತಿರ ಒಲೆ, ದೀಪ, ಬೀಡಿ ಬೇಡ. ಹೊತ್ತಿಕೊಳ್ಳುವ ಅನಿಲ ಬರುತ್ತದೆ.
* ಆಸಿಡ್ ಕಣ್ಣಿಗೆ ಬಿದ್ದರೆ ಕನಿಷ್ಠ 15 ನಿಮಿಷ ನೀರಿನಿಂದ ತೊಳೆಯುತ್ತಾ ಇದ್ದು, ಕೂಡಲೇ ಆಸ್ಪತ್ರೆಗೆ ಹೋಗಿ.
* ಗಾಡಿಯನ್ನು ವಾರಗಟ್ಟಲೆ ನಿಲ್ಲಿಸುವುದಾದರೆ ಬ್ಯಾಟರಿಯ ಮೈನಸ್ ವಯರು ಬಿಚ್ಚಿಡಿ.

ಸಭೆಯಲ್ಲಿ ಚರ್ಚಿಸಿ

1. ನಮ್ಮ ಸಂಘದಲ್ಲಿ ಎಷ್ಟು ಜನರ ಹತ್ತಿರ ಗಾಡಿ ಇದೆ? ಯಾರ ಬ್ಯಾಟರಿ ಎಷ್ಟು ಎ.ಎಚ್.ನದ್ದು?
2. ಕಳೆದ ಎರಡು ವರ್ಷಗಳಲ್ಲಿ ಬ್ಯಾಟರಿಗೆ ಯಾರು ಎಷ್ಟು ಖರ್ಚು ಮಾಡಿದ್ದಾರೆ? ಬಿಲ್ ಇದೆಯೇ?
3. ಸಂಘದಿಂದ ಒಂದು ಮೀಟರ್ ಕೊಂಡು, ಒಬ್ಬ ಸದಸ್ಯೆ ಅಳತೆ ಕಲಿತರೆ ಹೇಗೆ? ತೀರ್ಮಾನವನ್ನು ನಿರ್ಣಯ ಪುಸ್ತಕದಲ್ಲಿ ಬರೆಯಿರಿ.